ಎಣಿಕೆ ಯಂತ್ರದ್ದು, ನೆನಹು ಭಕ್ತನದು

ಅಷ್ಟಾವರಣಗಳಲ್ಲಿ ಮಂತ್ರವೂ ಒಂದು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿಗಳೊಡನೆ ಮಂತ್ರವೂ ಭಕ್ತನ ಬದುಕಿಗೆ ಕವಚವಾಗಿ ನಿಲ್ಲುತ್ತದೆ. ದೀಕ್ಷಾಸಮಯದಲ್ಲಿ ಗುರುವು ಕಿವಿಯಲ್ಲಿ ಉಸುರಿದ ಷಡಕ್ಷರಿಯನ್ನು ಶಿಷ್ಯನು ಮತ್ತೆ ಮತ್ತೆ ಆವರ್ತಿಸುವುದೇ ಜಪ. ಒಂದೇ ಮಾತನ್ನು ಇಷ್ಟು ಸಲ ಏಕೆ ನುಡಿಯಬೇಕು? ಒಮ್ಮೆ ಹೇಳಿದರೆ ಪರಶಿವನಿಗೆ ಕೇಳಿಸದೆ? ಈ ಪ್ರಶ್ನೆ ಹಳೆಯದು. ಗಣಕಯಂತ್ರದ ಈ ಕಾಲದಲ್ಲಿ ಅದು ಹೊಸ ವೇಷ ತೊಟ್ಟು ಬಂದಿದೆ. ಆವರ್ತನೆಯೇ ಮುಖ್ಯವೆಂದಾದರೆ, ಮನುಷ್ಯನಿಗಿಂತ ಕೋಟಿಪಾಲು ವೇಗವಾಗಿ ಆವರ್ತಿಸಬಲ್ಲ ಯಂತ್ರಕ್ಕೆ ಆ ಕೆಲಸವನ್ನು ಏಕೆ ಒಪ್ಪಿಸಬಾರದು?

ಇದು ಬರಿಯ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕಾದಲ್ಲಿ, ಇದಕ್ಕೆಂದೇ ತಂತ್ರಾಂಶಗಳು ಸಿದ್ಧವಾಗಿವೆ. ಇಂಗ್ಲಿಷಿನಲ್ಲಿ 'ಇಂಟೆನ್ಷನ್ ರಿಪೀಟರ್' ಎಂದು ಕರೆಯಲ್ಪಡುವ ಇವನ್ನು ಕನ್ನಡದಲ್ಲಿ ಸಂಕಲ್ಪಾವರ್ತಕ ಎನ್ನಬಹುದು. ಬಳಸುವ ಕ್ರಮ ಸರಳವಾದುದು. ತನಗೆ ಆರೋಗ್ಯ ದೊರೆಯಲಿ, ಮನೆಯಲ್ಲಿ ಶಾಂತಿ ನೆಲೆಸಲಿ, ಲೋಕಕ್ಕೆ ಒಳಿತಾಗಲಿ ಎಂಬಂತಹ ಒಂದು ವಾಕ್ಯವನ್ನು ಬೆರಳಚ್ಚಿಸಿ ಗುಂಡಿ ಒತ್ತಿದರಾಯಿತು. ತಂತ್ರಾಂಶವು ಆ ವಾಕ್ಯವನ್ನು ಗಣಕದ ಸ್ಮೃತಿಕೋಶದಲ್ಲಿ ಬರೆಯುತ್ತದೆ, ಮತ್ತೆ ಬರೆಯುತ್ತದೆ, ನಿಲ್ಲಿಸುವವರೆಗೂ ಬರೆಯುತ್ತಲೇ ಇರುತ್ತದೆ. ಎಷ್ಟು ಸಲವಾಯಿತೆಂಬ ಲೆಕ್ಕ ಪರದೆಯ ಮೇಲೆ ಏರುತ್ತ ಹೋಗುತ್ತದೆ. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಒಂದು ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುವುದರಿಂದ ಆ ಲೆಕ್ಕ ಲಕ್ಷ, ಕೋಟಿಗಳನ್ನು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ವಾಕ್ಯವನ್ನು ಸ್ಮೃತಿಕೋಶ ತುಂಬುವಷ್ಟು ಸಲ ಮೊದಲೇ ನಕಲು ಮಾಡಿಕೊಂಡು, ಅದರ ಒಂದು ಸುತ್ತನ್ನೇ ಲಕ್ಷಗಳಾಗಿ ಎಣಿಸುವ ಉಪಾಯವೂ ಇದೆ. ಹೀಗೆ ಆವರ್ತಿತವಾದ ಸಂಕಲ್ಪವು ವಿಶ್ವಚೈತನ್ಯವನ್ನು ಮುಟ್ಟಿ ಫಲ ಕೊಡುತ್ತದೆಂದು ಬಳಸುವವರು ನಂಬುತ್ತಾರೆ. ಈ ನಂಬಿಕೆಗೆ ಅಂಗೀಕೃತವಾದ ವೈಜ್ಞಾನಿಕ ಆಧಾರವಿಲ್ಲ. ಆದರೂ ನಂಬಿದವರನ್ನು ಹಾಸ್ಯ ಮಾಡುವುದು ಶರಣಧರ್ಮವಲ್ಲ. ಅದರ ಹಿಂದಿರುವ ಹಂಬಲವನ್ನು ಅರಿಯುವುದು ಲೇಸು.

ಆ ಹಂಬಲಕ್ಕೆ ಹಿರಿಯ ಪೂರ್ವಜರಿದ್ದಾರೆ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಟಿಬೆಟಿಯನ್ ವಸತಿಗೆ ಹೋದವರು ಅಲ್ಲಿಯ ಪ್ರಾರ್ಥನಾಚಕ್ರಗಳನ್ನು ಕಂಡಿರುತ್ತಾರೆ. ಮಂತ್ರವನ್ನು ಅನೇಕ ಸಲ ಬರೆದ ಕಾಗದದ ಸುರುಳಿಯು ಚಕ್ರದ ಒಡಲಿನಲ್ಲಿರುತ್ತದೆ. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಒಳಗಿನ ಮಂತ್ರಗಳನ್ನೆಲ್ಲ ಜಪಿಸಿದಂತೆ ಎಂಬುದು ಆ ಜನರ ಶ್ರದ್ಧೆ. ಹಿಮಾಲಯದ ಊರುಗಳಲ್ಲಿ ಹರಿಯುವ ನೀರಿನಿಂದಲೇ ತಿರುಗುವ ಚಕ್ರಗಳೂ ಇವೆ. ಗಣಕಯಂತ್ರಗಳು ಮನೆಮನೆಗೆ ಬಂದ ಮೇಲೆ, ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮಂತ್ರವನ್ನು ಉಳಿಸಿಟ್ಟರೆ ಅದೂ ಪ್ರಾರ್ಥನಾಚಕ್ರವೇ ಅಲ್ಲವೆ ಎಂಬ ಯೋಚನೆ ಪಶ್ಚಿಮದ ಬೌದ್ಧರಲ್ಲಿ ಹುಟ್ಟಿತು. 1996ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ನಮ್‌ಗ್ಯಾಲ್ ಮಠದ ಭಿಕ್ಷುಗಳು ಅಂತರಜಾಲವನ್ನೇ ಮಂತ್ರಪೂರ್ವಕವಾಗಿ ಹರಸಿದ್ದರು. ಈಗಿನ ಗಣಕಗಳಲ್ಲಿ ತಿರುಗುವ ತಟ್ಟೆಯೇ ಇಲ್ಲದ ಸಂಗ್ರಹಸಾಧನಗಳು ಬಂದಿವೆ. ಚಕ್ರ ನಿಂತಿದೆ, ಎಣಿಕೆ ಮಾತ್ರ ಉಳಿದಿದೆ.

ಇಲ್ಲೊಂದು ಭೇದವನ್ನು ಮರೆಯಲಾಗದು. ಬೈಲುಕುಪ್ಪೆಯ ವೃದ್ಧೆಯೊಬ್ಬಳು ಚಕ್ರ ತಿರುಗಿಸುವಾಗ ಅವಳ ಕೈ ಅಲ್ಲಿರುತ್ತದೆ, ತುಟಿ ಅಲುಗುತ್ತಿರುತ್ತದೆ, ಕಾಲುಗಳು ಪ್ರದಕ್ಷಿಣೆ ಹಾಕುತ್ತಿರುತ್ತವೆ. ಸಕಲ ಜೀವಿಗಳ ದುಃಖ ನೀಗಲೆಂಬ ಭಾವವಿದ್ದಾಗಲೇ ಚಕ್ರದ ತಿರುಗಾಟ ಸಾರ್ಥಕವೆಂದು ಅವರ ಗುರುಗಳು ಬೋಧಿಸುತ್ತಾರೆ. ಚಕ್ರವು ಅವಳ ಬದಲಿಗೆ ಇಲ್ಲ, ಅವಳ ಜೊತೆಗಿದೆ. ಸಂಕಲ್ಪಾವರ್ತಕವನ್ನು ಚಾಲೂ ಮಾಡಿದವನಾದರೋ ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಮಲಗಬಹುದು, ಮರೆತೂ ಬಿಡಬಹುದು. ಯಂತ್ರದ ಹೆಗ್ಗಳಿಕೆಯೇ ಅದು. ಅದರ ಕೊರತೆಯೂ ಅದೇ.

ಒಂದು ಚಿಕ್ಕ ಲೆಕ್ಕ ನೋಡಬಹುದು. ಷಡಕ್ಷರಿಯನ್ನು ಸಾವಧಾನವಾಗಿ ಒಮ್ಮೆ ನುಡಿಯಲು ಎರಡು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ ಎರಡು ಗಂಟೆ ಕುಳಿತ ಭಕ್ತನಿಗೆ 3,600 ಜಪವಾಗುತ್ತದೆ. ಒಂದು ಕೋಟಿ ಪೂರೈಸಲು 2,778 ದಿನ, ಅಂದರೆ ಏಳೂವರೆ ವರ್ಷಕ್ಕೂ ಮಿಗಿಲಾದ ಕಾಲ ಬೇಕು. ಆ ಅವಧಿಯಲ್ಲಿ ಮನೆಯಲ್ಲಿ ಮಗು ಹುಟ್ಟಿ ಶಾಲೆಗೆ ಹೋಗಲಾರಂಭಿಸುತ್ತದೆ, ಹಿರಿಯರು ಲಿಂಗೈಕ್ಯರಾಗುತ್ತಾರೆ, ಮಳೆ ತಪ್ಪುತ್ತದೆ, ಸಾಲ ಏರುತ್ತದೆ, ತೀರುತ್ತದೆ. ಇವೆಲ್ಲವುಗಳ ನಡುವೆಯೂ ದಿನಕ್ಕೆರಡು ಗಂಟೆ ಕುಳಿತವನು ಕೋಟಿ ಮುಗಿಯುವ ಹೊತ್ತಿಗೆ ಮೊದಲಿನವನಾಗಿ ಉಳಿದಿರುವುದಿಲ್ಲ. ಕೋಟಿ ಎಂಬುದು ಶಿವನಿಗೆ ಸಲ್ಲಿಸಬೇಕಾದ ಕಂದಾಯವಲ್ಲ. ಅದು ಆಯುಷ್ಯದ ಒಂದು ಭಾಗವನ್ನು ದಾಸೋಹಗೈದುದರ ಅಳತೆ. ಅದೇ ಕೋಟಿಯನ್ನು ಯಂತ್ರವು ಕ್ಷಣಮಾತ್ರದಲ್ಲಿ ಮುಗಿಸಿದರೆ ಅಂಕಿ ಅದೇ ಇರುತ್ತದೆ. ಅರ್ಪಿತವಾದ ಕಾಲವೆಷ್ಟು? ಒಂದು ಗುಂಡಿ ಒತ್ತಿದಷ್ಟು.

ಧಾರವಾಡದ ಕಡೆಯ ಹಳ್ಳಿಯೊಂದರ ತರುಣನೊಬ್ಬನು ಅಮೆರಿಕಾದ ಪಶ್ಚಿಮ ತೀರದಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದನು. ಊರಿನಲ್ಲಿ ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ರಜೆ ದೊರೆಯದೆ ಬರಲಾಗದ ಸಂಕಟದಲ್ಲಿ ಅವನು, ತಾಯಿ ನೋವಿಲ್ಲದೆ ನಡೆದಾಡುವಂತಾಗಲೆಂಬ ವಾಕ್ಯವನ್ನು ಇಂಥದೊಂದು ತಂತ್ರಾಂಶದಲ್ಲಿ ಬರೆದು ಹಗಲಿರುಳೂ ನಡೆಯಲು ಬಿಟ್ಟನು. ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ಹನ್ನೊಂದು ದಿನಗಳ ತರುವಾಯ ದೂರವಾಣಿಯಲ್ಲಿ ಮಾತಾಡುವಾಗ, ಪ್ರಾರ್ಥನೆ ಇಪ್ಪತ್ತು ಸಾವಿರ ಕೋಟಿ ಸಲ ಆಗಿದೆಯೆಂದು ಸಂತೋಷದಿಂದ ತಿಳಿಸಿದನು.

"ಅದು ಅಷ್ಟ ಸಲ ಹೇಳೂ ಮುಂದ ನೀ ಏನ ಮಾಡ್ತಿದ್ದಿ ತಮ್ಮಾ?" ಎಂದು ತಾಯಿ ಕೇಳಿದಳು.

"ಆಫೀಸಿನ ಕೆಲಸದಾಗ ಇದ್ದೆ ಅವ್ವಾ. ರಾತ್ರಿ ಮಲಗಿದ್ದೆ."

"ಹಂಗಾರ ಅದು ಎಣಿಸೇದ, ನೀ ನೆನಸಿಲ್ಲ. ನನಗ ಕೋಟಿ ಬ್ಯಾಡಪಾ. ದಿನಾ ಒಂದ ಸಲ ನೀನ ನೆನಸು, ಸಾಕು."

ಆ ತಾಯಿಯ ಮಾತಿನಲ್ಲಿ ಮುನಿಸಿರಲಿಲ್ಲ. ಆದರೆ ಆ ಹನ್ನೊಂದು ದಿನಗಳಲ್ಲಿ ಮಗನು ಒಮ್ಮೆಯೂ ಕರೆ ಮಾಡಿರಲಿಲ್ಲ. ಪ್ರೀತಿ ಕಡಿಮೆಯಾಗಿ ಹಾಗಾದುದಲ್ಲ. ತನ್ನ ಕರ್ತವ್ಯವನ್ನು ಯಂತ್ರವು ನೆರವೇರಿಸುತ್ತಿದೆಯೆಂಬ ನೆಮ್ಮದಿಯೇ ಅವನನ್ನು ತಾಯಿಯಿಂದ ದೂರ ಇರಿಸಿತ್ತು. ಅಂದಿನಿಂದ ಅವನು ತಂತ್ರಾಂಶವನ್ನು ನಿಲ್ಲಿಸಿ, ಅಲ್ಲಿಯ ಬೇಸಗೆಯ ಮುಂಜಾನೆ ಆರೂವರೆಗೆ ಒಂದು ಗಂಟೆ ಮೊಳಗುವಂತೆ ಗಣಕದಲ್ಲಿ ಹೊಂದಿಸಿಕೊಂಡನು. ಆಗ ಊರಿನಲ್ಲಿ ಸಂಜೆ ಏಳು, ತಾಯಿ ಕೈ ಕಾಲು ಮುಖ ತೊಳೆದು ಲಿಂಗಪೂಜೆಗೆ ಕೂಡುವ ವೇಳೆ. ತಾಯಿಯ ಕಾಲಿನ ಉಪಚಾರವನ್ನು ವೈದ್ಯರ ಔಷಧವೂ ನಿತ್ಯದ ವ್ಯಾಯಾಮವೂ ನೋಡಿಕೊಂಡವು. ಮಳೆಗಾಲದಲ್ಲಿ ನೋವು ಈಗಲೂ ಮರುಕಳಿಸುತ್ತದೆ. ಬದಲಾದುದು ಬೇರೊಂದು. ಎರಡು ಖಂಡಗಳಲ್ಲಿ ಎರಡು ಅಂಗೈಗಳ ಮೇಲೆ ಇಷ್ಟಲಿಂಗಗಳು ಒಂದೇ ಹೊತ್ತಿಗೆ ನೆಲೆಗೊಳ್ಳತೊಡಗಿದವು.

ಬಸವಣ್ಣನವರ ವಚನವೊಂದು ಈ ವಿಷಯಕ್ಕೆ ನೇರವಾಗಿ ಒದಗುತ್ತದೆ. ಹಸಿದವನ ಬದಲಾಗಿ ಪರರು ಉಂಡರೆ ಹಸಿವು ಅಡಗದು. ಅಂತೆಯೇ ಲಿಂಗಪೂಜೆಯ ನೇಮವನ್ನು ಇತರರಿಗೆ ವಹಿಸಿ ತಾನು ದೂರವಿರಲು ಬಾರದೆಂಬುದು ಅದರ ತಾತ್ಪರ್ಯ. ಹನ್ನೆರಡನೆಯ ಶತಮಾನದಲ್ಲಿ ಈ ಮಾತು ಪೂಜಾರಿಯ ಕೈಯಲ್ಲಿ ಪೂಜೆ ಮಾಡಿಸಿ ಪುಣ್ಯ ಎಣಿಸುತ್ತಿದ್ದ ಪದ್ಧತಿಯನ್ನು ಕುರಿತದ್ದು. ದೇವಾಲಯದ ಗರ್ಭಗುಡಿಯಿಂದ ಲಿಂಗವನ್ನು ಭಕ್ತನ ಅಂಗೈಗೆ ತಂದುದರ ಗೂಢಾರ್ಥವೇ ಇದು: ದೇವರಿಗೂ ಭಕ್ತನಿಗೂ ನಡುವೆ ಬಾಡಿಗೆಯ ಕೈ ಇರಬಾರದು. ಆ ಬಾಡಿಗೆಯ ಕೈ ಇಂದು ಸಿಲಿಕಾನಿನದಾದರೂ ಮಾತು ಬದಲಾಗದು. ಕಲಿತ ಪಾಠವನ್ನು ಒಪ್ಪಿಸುವ ಗಿಳಿಗೆ ಬೆಕ್ಕು ಬರುವುದು ತಿಳಿಯದೆಂಬ ದೃಷ್ಟಾಂತವೂ ವಚನಗಳಲ್ಲಿದೆ. ಗಿಳಿಗಾದರೂ ಜೀವವಿದೆ, ಭಯವಿದೆ. ಗಣಕದ ಸ್ಮೃತಿಕೋಶಕ್ಕೆ ಷಡಕ್ಷರಿಯೂ ಒಂದೇ, ಕಿರಾಣಿ ಅಂಗಡಿಯ ಪಟ್ಟಿಯೂ ಒಂದೇ. ಎರಡೂ ಸೊನ್ನೆ ಮತ್ತು ಒಂದುಗಳ ಸಾಲುಗಳು.

ಹಾಗಾದರೆ ಸಂಕಲ್ಪವಾಕ್ಯಗಳ ಆವರ್ತನೆ ಸಂಪೂರ್ಣ ನಿರರ್ಥಕವೆ? ಅಲ್ಲ. ಫ್ರಾನ್ಸ್ ದೇಶದ ಔಷಧತಜ್ಞ ಎಮಿಲ್ ಕೂಎ (1857–1926) ಆತ್ಮಸೂಚನೆಯ ವಿಧಾನವನ್ನು ಲೋಕಪ್ರಸಿದ್ಧಗೊಳಿಸಿದವನು. ದಿನದಿನಕ್ಕೆ ತಾನು ಸುಧಾರಿಸುತ್ತಿರುವೆನೆಂಬ ಅರ್ಥದ ವಾಕ್ಯವನ್ನು ಎದ್ದೊಡನೆಯೂ ಮಲಗುವ ಮುನ್ನವೂ ಇಪ್ಪತ್ತು ಸಲ ಹೇಳಿಕೊಳ್ಳಬೇಕು, ಲೆಕ್ಕಕ್ಕೆ ಇಪ್ಪತ್ತು ಗಂಟುಗಳ ದಾರವಿರಬೇಕು ಎಂದು ಆತ ವಿಧಿಸಿದ್ದನು. ಜಪಮಾಲೆಯನ್ನೇ ಹೋಲುವ ಸಾಧನ. ಮನಸ್ಸಿನ ಬಲವಂತವಿಲ್ಲದೆ ಯಾಂತ್ರಿಕವಾಗಿ ಹೇಳಿದರೂ ಸಾಕೆಂದ ಕೂಎ ಒಂದು ನಿಯಮವನ್ನು ಮಾತ್ರ ಬಿಡಲಿಲ್ಲ: ಮಾತು ಹೇಳುವವನ ಸ್ವಂತ ಕಿವಿಗೆ ಬೀಳುವಷ್ಟಾದರೂ ತುಟಿ ಅಲುಗಬೇಕು. ಕೇಳುವ ಕಿವಿಯಿಲ್ಲದ ಆವರ್ತನೆಯನ್ನು ಅವನೂ ಒಪ್ಪಿರಲಿಲ್ಲ.

ತುಟಿ ಅಲುಗಿದ ಮಾತ್ರಕ್ಕೇ ಕೆಲಸವಾಗುವುದೆಂದೂ ಹೇಳಲಾಗದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನು ಪ್ರೀತಿಗೆ ಪಾತ್ರನೆಂಬ ಅರ್ಥದ ವಾಕ್ಯವನ್ನು ಕೆಲವರಿಂದ ಪದೇ ಪದೇ ಹೇಳಿಸಲಾಯಿತು. ತಮ್ಮ ಬಗ್ಗೆ ಮೊದಲೇ ಗೌರವವಿದ್ದವರಿಗೆ ಅದರಿಂದ ಅಲ್ಪ ಹಿತವಾಯಿತು. ಕೀಳರಿಮೆಯಿಂದ ಬಳಲುತ್ತಿದ್ದವರ ಮನಸ್ಸಾದರೋ, ಹಾಗೆ ಹೇಳದಿದ್ದವರಿಗಿಂತಲೂ ಕುಗ್ಗಿತು. ತುಟಿ ಒಂದು ಹೇಳಿ ಎದೆ ಇನ್ನೊಂದು ಹೇಳಿದಾಗ, ಆವರ್ತನೆಯು ಆ ಬಿರುಕನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ. ಶರಣರು ನುಡಿಗೆ ನಡೆಯನ್ನು ಜೊತೆಗೂಡಿಸಿದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಶಾಂತಿ ನೆಲೆಸಲೆಂಬ ಸಂಕಲ್ಪವು ಮಡದಿ ಮಕ್ಕಳೊಡನೆ ಆಡುವ ಮೃದು ಮಾತಿನಲ್ಲಿ ಕಾಣಿಸಬೇಕು. ಲೋಕಕ್ಕೆ ಒಳಿತಾಗಲೆಂಬ ಪ್ರಾರ್ಥನೆ ಕಾಯಕವಾಗಿ, ದಾಸೋಹವಾಗಿ ಹೊರಹೊಮ್ಮಬೇಕು. ಷಡಕ್ಷರಿಯಾದರೋ ತನ್ನನ್ನು ತಾನು ಹೊಗಳಿಕೊಳ್ಳುವ ವಾಕ್ಯವೇ ಅಲ್ಲ. ಅದು ನಮನ. ಕುಗ್ಗಿದವನೂ ನಮಿಸಬಲ್ಲನು, ಹಿಗ್ಗಿದವನೂ ನಮಿಸಬಲ್ಲನು. ಕೀಳರಿಮೆಯುಳ್ಳವನಿಗೂ ಮಂತ್ರವು ಸುಳ್ಳಾಗದಿರುವುದು ಈ ಗುಣದಿಂದಲೇ.

ಯಂತ್ರವನ್ನು ದೂರಬೇಕಾಗಿಲ್ಲ. ಸಾವಿರಾರು ವಚನಗಳು ಗಣಕಕ್ಕೆ ಏರಿದುದರಿಂದ ಇಂದು ಯಾವ ಶರಣರು ಯಾವ ಶಬ್ದವನ್ನು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಕ್ಷಣದಲ್ಲಿ ಹುಡುಕಬಹುದು. ತಾಳೆಗರಿಗಳನ್ನು ಅರಸುತ್ತ ಅಲೆದ ಫ. ಗು. ಹಳಕಟ್ಟಿಯವರಂತಹ ಹಿರಿಯರಿಗೆ ಈ ಅನುಕೂಲವಿರಲಿಲ್ಲ. ಹುಡುಕುವುದು, ಎಣಿಸುವುದು, ಉಳಿಸಿಡುವುದು, ಹೊತ್ತಿಗೆ ಸರಿಯಾಗಿ ಎಚ್ಚರಿಸುವುದು, ಇವೆಲ್ಲ ಯಂತ್ರದ ಕಾಯಕ. ಅದನ್ನು ಅದು ನಿಷ್ಠೆಯಿಂದ ಮಾಡುತ್ತದೆ. ಹೊರಗಿನ ಗಂಟೆಯು ಒಳಗಿನವನನ್ನು ಎಬ್ಬಿಸಿದರೆ ಯಂತ್ರವೂ ಸಾಧನೆಗೆ ನೆರವಾಯಿತು. ಗಂಟೆ ಮೊಳಗುತ್ತಲೇ ಇದ್ದು ಒಳಗಿನವನು ಮಲಗಿದ್ದರೆ, ಆ ಸದ್ದು ಎಷ್ಟು ಕೋಟಿಯಾದರೇನು?

ಆದುದರಿಂದ ಸದ್ಭಕ್ತರು ಜಪದ ಅಂಕಿಯನ್ನು ಕುರಿತು ಚಿಂತಿಸಬೇಕಾಗಿಲ್ಲ. ನೂರೆಂಟು ಆಗದ ದಿನ ಹನ್ನೊಂದಾದರೂ ಆಗಲಿ, ಹನ್ನೊಂದು ಆಗದ ದಿನ ಒಂದಾದರೂ ಆಗಲಿ. ಆ ಒಂದು ತನ್ನ ಉಸಿರಿನದಾಗಿರಲಿ, ತನ್ನ ಕಿವಿಗೆ ಕೇಳಿಸಲಿ, ತನ್ನ ನಡೆಯಲ್ಲಿ ತೋರಲಿ. ಯಂತ್ರಕ್ಕೆ ಆಯಾಸವಿಲ್ಲ, ಆದ್ದರಿಂದ ಅದಕ್ಕೆ ಅರ್ಪಿಸಲು ಏನೂ ಇಲ್ಲ. ದಣಿದ ದೇಹ, ಚಂಚಲವಾದ ಮನಸ್ಸು, ಎಣಿಕೆಯ ಕೆಲವೇ ವರ್ಷಗಳ ಆಯುಷ್ಯ, ಇವಿರುವುದು ಮನುಷ್ಯನಿಗೆ ಮಾತ್ರ. ಇವೇ ಅವನ ಪತ್ರೆ, ಇವೇ ಅವನ ಪುಷ್ಪ.