ಬುಷ್ ಪುರಾಣ

ಹೆಂಗಸರು ನಾಲ್ಕು ಜನ ಸೇರಿದರೆ ಸೀರೆ, ಒಡವೆ, ಸೊಸೆಯರ ಸುದ್ದಿ ಬಿಟ್ಟು ಮತ್ತೇನಿದೆ ಎಂದು ಗಂಡಸರು ಹಾಸ್ಯ ಮಾಡುವುದುಂಟು. ಅಂಥವರು ಹೋದ ಆಷಾಢದಲ್ಲಿ ನಮ್ಮ ಸ್ಕೂಲಿನ ಸ್ಟಾಫ್ ರೂಮಿಗೆ ಬಂದಿದ್ದರೆ ಬೆರಗಾಗುತ್ತಿದ್ದರು. ಅಲ್ಲಿ ವಾರವಿಡೀ ನಡೆದದ್ದು ಬುಷ್ ಪುರಾಣ. ಬುಷ್ ಎಂದರೆ ಅಮೆರಿಕದಲ್ಲಿ ಅಧ್ಯಕ್ಷರಾಗಿದ್ದ ಅಪ್ಪ-ಮಗ ಅಲ್ಲ. ನಮ್ಮ ಹಳೆಯ ಜಿಪ್ಸಿಯ ಸ್ಪ್ರಿಂಗಿನ ಕಿವಿಯೊಳಗೆ ಕೂತಿರುವ ರಬ್ಬರಿನ ಬಳೆ.

ಜಿಪ್ಸಿ 1996ರದು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರು ಮಣ್ಣುದಾರಿ. ಮಳೆಗಾಲದಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲದೆ ಬೇರೊಂದು ಅಂಗಳ ಮುಟ್ಟುವುದಿಲ್ಲ. ನಮ್ಮವರಿಗೆ ಕಣ್ಣು ಮಂಜಾದ ಮೇಲೆ ಅದರ ಸ್ಟೇರಿಂಗು, ಅದರ ಕಾಯಿಲೆ ಕಸಾಲೆ ಎಲ್ಲ ನನ್ನ ಪಾಲಿಗೆ ಬಂತು. ಅತ್ತೆಗೆ 84. ಬೆನ್ನುಮೂಳೆ ಟೊಳ್ಳಾಗಿ ಒಂದು ಕಡೆ ಕುಸಿದಿದೆ. ‘ಕುಲುಕಾಟ ಆಗಬಾರದು’ ಎಂದು ಡಾಕ್ಟರ ಕಟ್ಟಪ್ಪಣೆ. ಆದರೆ ಆ ಡಾಕ್ಟರಿಗೆ ತೋರಿಸಬೇಕೆಂದರೆ ಮೂರು ತಿಂಗಳಿಗೊಮ್ಮೆ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯಲೇಬೇಕು!

ಮೇ ತಿಂಗಳಿಂದಲೇ ಗುಂಡಿಗೆ ಇಳಿದಾಗಲೆಲ್ಲ ಅಡಿಯಿಂದ ‘ಟಕ್, ಟಕ್’ ಎಂದು ಶುರುವಾಗಿತ್ತು. ಹಗ್ಗ ಹಿಡಿದ ಕರುವಿನ ಹಾಗೆ ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಸ್ಪ್ರಿಂಗಿನ ತುದಿಗೆ ಒಂದು ಹಾರೆ ಕೊಟ್ಟು ಮೀಟಿ, “ನೋಡಿ ಟೀಚರಮ್ಮ, ಬುಷ್ ಹೋಗಿದೆ” ಎಂದ. ಬಗ್ಗಿ ನೋಡಿದೆ. ದುಂಡಗಿರಬೇಕಾದ ರಬ್ಬರು ಒಂದು ಪಕ್ಕ ತೆಳ್ಳಗಾಗಿ, ಬಿರಿದು, ಹಳೇ ಚಪ್ಪಲಿಯ ಹಿಮ್ಮಡಿಯಂತಿತ್ತು.

ಈ ಗಾಡಿಗೆ ನಾಲ್ಕು ಚಕ್ರಕ್ಕೂ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು. ಅದರ ಒಂದು ಕಿವಿ ಚಾಸಿಗೆ ನೇರವಾಗಿ ಬೋಲ್ಟಾಗಿರುತ್ತದೆ. ಇನ್ನೊಂದು ಶ್ಯಾಕಲ್ ಎಂಬ ಜೋಡಿ ಕೊಂಡಿಯಿಂದ ತೂಗುತ್ತದೆ. ಭಾರ ಬಿದ್ದಾಗ ಬಾಗಿದ ಪಟ್ಟಿ ನೆಟ್ಟಗಾಗಿ ಉದ್ದ ಹೆಚ್ಚುತ್ತದಲ್ಲ, ಅದಕ್ಕೆ ಈ ಉಯ್ಯಾಲೆ. ಕಬ್ಬಿಣ ಕಬ್ಬಿಣಕ್ಕೆ ತಾಗುವ ಕಡೆಯಲ್ಲೆಲ್ಲ ನಡುವೆ ಬುಷ್. ಒಂದು ಸ್ಪ್ರಿಂಗಿಗೆ 3 ಜಾಗ, ನಾಲ್ಕಕ್ಕೆ 12. ಒಂದೊಂದು ಜಾಗಕ್ಕೂ ಆಚೆ ಈಚೆಯಿಂದ ಎರಡು ಹೋಳು, ಒಟ್ಟು 24. ದೊಡ್ಡ ಗುಂಡಿಯ ಏಟನ್ನು ಸ್ಪ್ರಿಂಗು ತಾಳಿಕೊಳ್ಳುತ್ತದೆ. ಜಲ್ಲಿಕಲ್ಲಿನ ಸಣ್ಣ ನಡುಕವನ್ನು ನುಂಗುವುದು ಈ 24 ರಬ್ಬರಿನ ತುಂಡುಗಳು.

ಯಾವುದನ್ನು ಹಾಕಿಸುವುದು? ಬೆಂಗಳೂರಿನಿಂದ ಮಗ ಫೋನಿನಲ್ಲಿ, “ಅಮ್ಮ, ಪಾಲಿಯುರೆಥೇನ್ ಹಾಕಿಸಿಬಿಡು, ಇನ್ನು ಜನ್ಮದಲ್ಲಿ ಬಿಚ್ಚುವ ಹಾಗಿಲ್ಲ” ಎಂದ. ಕೆಂಪು ಬಣ್ಣದ, ನೋಡಲು ಚೆಂದದ ಬುಷ್ ಅದು. ಬೆಲೆ ರಬ್ಬರಿನ ಮೂರು ಪಟ್ಟು. ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ಬುಷ್ಷಿನ ರಬ್ಬರು ಸಾಮಾನ್ಯವಾಗಿ 60ರಿಂದ 70ರ ಆಸುಪಾಸು. ಇದು 80ರಿಂದ 95. ಎಣ್ಣೆಗೆ ಜಗ್ಗುವುದಿಲ್ಲ, ಬೇಗ ಸವೆಯುವುದಿಲ್ಲ. ಭಾರ ಹೊರುವ, ಕಾಡುಗುಡ್ಡ ಹತ್ತಿಸುವ ಗಾಡಿಗೆ ಅದೇ ಸರಿ ಎನ್ನುವವರಿದ್ದಾರೆ, ಅವರ ಮಾತು ಸುಳ್ಳೂ ಅಲ್ಲ.

ಆದರೆ ರಬ್ಬರು ಕಬ್ಬಿಣವನ್ನು ಕಚ್ಚಿ ಹಿಡಿದು, ಜಾರದೆ, ತನ್ನೊಳಗೇ ತಿರುಚಿಕೊಂಡು ಮತ್ತೆ ಸರಿಹೋಗುತ್ತದೆ. ಗಡಸು ಬುಷ್ ನಡುವಿನ ಕೊಳವೆಯ ಸುತ್ತ ಜಾರುತ್ತದೆ. ಅದಕ್ಕೆ ಆಗಾಗ ಸಿಲಿಕೋನ್ ಗ್ರೀಸು ಬೇಕು, ಇಲ್ಲದಿದ್ದರೆ ಕೀರಲು ಶುರು. ತಾನು ಸವೆಯದ್ದು ನಡುಕವನ್ನು ಪಕ್ಕದವರಿಗೆ ದಾಟಿಸುತ್ತದೆ: ಚಾಸಿಗೆ, ಸೀಟಿಗೆ, ಸೀಟಿನ ಮೇಲೆ ಕೂತವರ ಬೆನ್ನಿಗೆ. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಬುಷ್ ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಹೇಳಿದರು. ಗಾಡಿಯಲ್ಲಿ ಕೂರುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ರಬ್ಬರೇ ಇರಲಿ ಎಂದೆ.

ಅಂಗಡಿಗೆ ಹಳೆಯ ಬುಷ್ಷನ್ನೂ ಅದರ ಕೊಳವೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಬ್ಲೌಸ್ ಪೀಸು ಹೊಂದಿಸಲು ಸೀರೆ ಒಯ್ಯುವುದಿಲ್ಲವೇ, ಹಾಗೆ. ಉದ್ದ, ಒಳಗಿನ ತೂತು, ಅಂಚಿನ ದಪ್ಪ ಮೂರನ್ನೂ ಅಳೆಸಿದೆ. ಉಗುರಿನಿಂದ ಒತ್ತಿ ನೋಡಿದೆ. ಒಳ್ಳೆಯ ರಬ್ಬರು ತಗ್ಗಿ ಎದ್ದು ಬರುತ್ತದೆ. ಬಹಳ ದಿನ ಗೂಡಿನಲ್ಲಿ ಕೂತದ್ದನ್ನು ಬಗ್ಗಿಸಿದರೆ ಕೂದಲೆಳೆಯ ಬಿರುಕು ಕಾಣುತ್ತದೆ. ಅಂಥ ಎರಡನ್ನು ವಾಪಸು ಕೊಟ್ಟೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ್ದರಿಂದ ಅದು ಬೇಸಿಗೆಯಲ್ಲಿ ಅಂಟದೆ, ಚಳಿಯಲ್ಲಿ ಒಡೆಯದೆ ಉಳಿಯುವಂತಾಯಿತು ಎಂದು ಎಷ್ಟೋ ತರಗತಿಗೆ ಪಾಠ ಮಾಡಿದ್ದೇನೆ. ಅದನ್ನು ಉಗುರಿನಿಂದ ಪರೀಕ್ಷೆ ಮಾಡಿದ್ದು ಅಂದೇ.

ಜೋಡಿಸುವಾಗ ನಾನೂ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ನೂಕಲು ಸೋಪಿನ ನೀರು ಸಾಕು, ಗ್ರೀಸು ಬೇಡ. ಎಡಕ್ಕೆ ಬದಲಿಸಿದರೆ ಬಲಕ್ಕೂ ಬದಲಿಸಬೇಕು. ಮುಖ್ಯವಾದದ್ದು ಇನ್ನೊಂದು: ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಬೋಲ್ಟು ಬಿಗಿಯಬಾರದು. ಚಕ್ರ ನೆಲಕ್ಕೂರಿ, ಭಾರ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ನಿಂತಲ್ಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ತುಕ್ಕು ಹಿಡಿಯದಿರಲೆಂದು ಸ್ಪ್ರಿಂಗಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಸುವುದು ನಮ್ಮ ಕಡೆಯ ರೂಢಿ. ಆ ಎಣ್ಣೆಗೆ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಈ ವರ್ಷ ಬರಿಯ ನೀರು ಸಾಕೆಂದೆ.

ಸ್ಟಾಫ್ ರೂಮಿನಲ್ಲಿ ಈ ಪುರಾಣ ಕೇಳಿದ ಸಹೋದ್ಯೋಗಿಯೊಬ್ಬರು, “ನಾವೂ ಅಷ್ಟೇ ಅಲ್ವೇ ಮೇಡಂ, ಮನೆಯಲ್ಲಿ ಅತ್ತ ಇತ್ತ ಇಬ್ಬರ ಏಟೂ ನಮಗೇ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಮನೆಗೆ ಬರುವಾಗ ಆ ಮಾತು ಜೊತೆಗೇ ಬಂತು. ಹೋಲಿಕೆ ಸರಿಯಾಗಿಯೇ ಇದೆ, ಒಂದು ಕಡೆ ಬಿಟ್ಟು. ಬುಷ್ ಸವೆದರೆ ‘ಟಕ್’ ಎನ್ನುತ್ತದೆ, ಯಾರೋ ಹಾರೆ ಹಾಕಿ ಮೀಟಿ ನೋಡುತ್ತಾರೆ, ಹೊಸದು ತರುತ್ತಾರೆ. ಸವೆಯುವುದು ಅದರ ತಪ್ಪೆಂದು ಯಾರೂ ಬೈಯುವುದಿಲ್ಲ. ನಾವು ಮಾತ್ರ ಶಬ್ದ ಮಾಡದೆ ಸವೆಯುವುದನ್ನೇ ಜಾಣತನ ಎಂದುಕೊಂಡಿದ್ದೇವೆ. ಏಳು ವರ್ಷಗಳಿಂದ ಅತ್ತೆಯ ರಾತ್ರಿಯ ನರಳಿಕೆಗೆ ಏಳುವವಳು ನಾನೊಬ್ಬಳೇ. ಅವರಿಗೆ ಮೂವರು ಮಕ್ಕಳಿದ್ದಾರೆ.

ಅಂದು ರಾತ್ರಿ ಶಿವಮೊಗ್ಗದ ನಾದಿನಿಗೆ ಫೋನು ಮಾಡಿ, “ದೀಪಾವಳಿ ಕಳೆದ ಮೇಲೆ ಅಮ್ಮನನ್ನು ಎರಡು ತಿಂಗಳು ನೀನು ಇಟ್ಟುಕೋ. ನನಗೆ ದಣಿವಾಗಿದೆ” ಎಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. ಆಮೇಲೆ, “ನೀವು ಮೊದಲೇ ಹೇಳಬಾರದಿತ್ತೇ ಅತ್ತಿಗೆ?” ಎಂದಳು.

ಕಳೆದ ತಿಂಗಳು ಅತ್ತೆಯನ್ನು ಶಿವಮೊಗ್ಗಕ್ಕೆ ಬಿಟ್ಟು ಬಂದೆ. ದಾರಿಯಲ್ಲಿ ಅವರು, “ಗಾಡಿ ಹೊಸದು ತಗೊಂಡ್ಯೇನೇ?” ಎಂದು ಕೇಳಿದರು.