ಹಿಮವು ಕರಗಿದ ಮೇಲೆ

ನಮ್ಮ ಮೈಸೂರು ಸೀಮೆಯವರಿಗೆ ಚಳಿಯೆಂಬುದು ಧನುರ್ಮಾಸದ ಮುಂಜಾವಿನಲ್ಲಿ ಒಂದು ಕಂಬಳಿ ಹೊದೆದರೆ ತೀರುವ ಕಷ್ಟ. ಮನೆಯನ್ನು ಕಾಯಿಸುವುದಕ್ಕೆಂದೇ ಒಂದು ಯಂತ್ರವುಂಟೆಂದೂ, ಅದು ನಿಂತರೆ ಪ್ರಾಣಕ್ಕೇ ಸಂಚಕಾರವೆಂದೂ ಹೇಳಿದರೆ ನಮ್ಮಲ್ಲಿ ಅನೇಕರು ನಂಬಲಾರರು. 2021ನೆಯ ಇಸವಿಯ ಫೆಬ್ರವರಿ ತಿಂಗಳನ್ನು ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಕಳೆದ ನನಗಾದರೋ ಅದು ಕಣ್ಣಾರೆ ಕಂಡ ಸಂಗತಿ.

ಆಗ ನಾನು ಡಲ್ಲಾಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆನು. ಆ ನಾಡು ಬಿಸಿಲಿಗೆ ಹೆಸರಾದುದು. ಆದರೂ ಆ ತಿಂಗಳ 16ರಂದು ಅಲ್ಲಿಯ ಶೀತವು ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ವಿದ್ಯುತ್ತಿನ ಉತ್ಪತ್ತಿ ಕುಸಿಯಿತು, ಬೇಡಿಕೆ ಏರಿತು; ಪ್ರಾಂತದಲ್ಲಿ 40 ಲಕ್ಷಕ್ಕೂ ಮೀರಿದ ಮನೆಗಳಲ್ಲಿ ದೀಪವಾರಿತು. ಮನೆ ಕಾಯಿಸುವ ಯಂತ್ರವನ್ನು ಅಲ್ಲಿ ಫರ್ನೆಸ್ ಎನ್ನುತ್ತಾರೆ. ನಮ್ಮ ಮನೆಯ ಫರ್ನೆಸ್ ಉರಿಯುವುದು ಗ್ಯಾಸಿನಿಂದಲೇ. ಆದರೆ ಬಿಸಿಗಾಳಿಯನ್ನು ಕೊಠಡಿಗಳಿಗೆ ದಬ್ಬುವ ಫ್ಯಾನು ತಿರುಗುವುದು ವಿದ್ಯುತ್ತಿನಿಂದ. ದೀಪದೊಡನೆ ಅದೂ ನಿಂತಿತು.

ಎರಡು ರಾತ್ರಿ ನಾವೆಲ್ಲರೂ ಒಂದೇ ಕೊಠಡಿಯಲ್ಲಿ ರಗ್ಗುಗಳನ್ನು ಹೊದೆದು ಕುಳಿತೆವು. ಮೂರು ವರ್ಷದ ಮೊಮ್ಮಗುವಿನ ಕೈ ತಣ್ಣಗಾಗಿತ್ತು. ಮಗಳು ಕಳವಳದಿಂದ, “ಹಿತ್ತಿಲಿನ ಇದ್ದಿಲ ಒಲೆಯನ್ನು ಒಳಗೆ ತಂದರಾಗದೇ?” ಎಂದಳು. ಅಳಿಯಂದಿರು ಒಪ್ಪಲಿಲ್ಲ. “ಚಳಿಯಾದರೆ ಮೈಗೆ ತಿಳಿಯುತ್ತದೆ, ಇದ್ದಿಲಿನಿಂದ ಬರುವ ವಿಷ ತಿಳಿಯುವುದೇ ಇಲ್ಲ” ಎಂದರು. ಅವರ ಮಾತು ನಿಜ. ಉರಿಯುವುದಕ್ಕೆ ಸಾಕಷ್ಟು ಗಾಳಿ ಇಲ್ಲದಿರುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕಣಗಳನ್ನು ಅದು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಹೆಚ್ಚಾದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು. ಆಮೇಲೆ ಎಚ್ಚರವೇ ಇಲ್ಲ. ಆ ಶೀತದಲ್ಲಿ ತೀರಿಕೊಂಡವರು 246 ಮಂದಿಯೆಂದು ಪ್ರಾಂತದ ಆರೋಗ್ಯ ಇಲಾಖೆ ಎಣಿಸಿತು. ಅವರಲ್ಲಿ 19 ಮಂದಿಯನ್ನು ಕೊಂಡೊಯ್ದುದು ಈ ವಾಯುವೇ.

ಮೂರನೆಯ ದಿನ ದೀಪ ಬಂದಿತು. ಮಗಳ ಕೈ ಗೋಡೆಯ ಗುಂಡಿಯ ಕಡೆಗೆ ಹೋಯಿತು. ಅಳಿಯಂದಿರು ತಡೆದು, “ಅರ್ಧ ಗಂಟೆ ತಾಳು. ಅತ್ತೆ, ಸ್ವಲ್ಪ ಟಾರ್ಚು ಹಿಡಿಯುತ್ತೀರಾ?” ಎಂದರು. ಮೊದಲು ಮನೆಯ ಹೊರಮಗ್ಗುಲಿಗೆ ಹೋದೆವು. ಗೋಡೆಯಿಂದ ಎರಡು ಬಿಳಿಯ ಕೊಳವೆಗಳು ಹೊರಗೆ ಬಂದಿರುವುವು. ಒಂದು ಗಾಳಿಯನ್ನು ಎಳೆದುಕೊಳ್ಳುವುದಕ್ಕೆ, ಇನ್ನೊಂದು ಉರಿದ ಹೊಗೆಯನ್ನು ಬಿಡುವುದಕ್ಕೆ. ಎರಡನೆಯದರ ಬಾಯಿಯನ್ನು ಮಂಜುಗಡ್ಡೆ ಮುಕ್ಕಾಲು ಪಾಲು ಮುಚ್ಚಿತ್ತು! ಹಾಗೆಯೇ ಹೊತ್ತಿಸಿದ್ದರೆ ಯಂತ್ರವು ತಾನಾಗಿಯೇ ನಿಲ್ಲಬಹುದಾಗಿತ್ತು; ಅದರ ಕಾವಲು ಕೆಟ್ಟಿದ್ದರೆ ವಿಷವು ಒಳಕ್ಕೇ ತಿರುಗಬಹುದಾಗಿತ್ತು. ಗಡ್ಡೆಯನ್ನು ಬಡಿಯದೆ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಬಿಡಿಸಿದರು. ಯಂತ್ರದಲ್ಲಿ ಒಸರುವ ನೀರು ಹರಿದುಹೋಗುವ ಸಣ್ಣ ಕೊಳವೆಯನ್ನೂ ಹಾಗೆಯೇ ನೋಡಿದರು.

ಬಳಿಕ ಒಳಗೆ ಬಂದು ಗ್ಯಾಸಿನ ವಾಸನೆ ಇಲ್ಲವೆಂಬುದನ್ನು ನಿಶ್ಚಯಿಸಿಕೊಂಡರು. ಇದ್ದಿದ್ದರೆ ಯಾವ ಗುಂಡಿಯನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದಲೇ ಸಂಬಂಧಪಟ್ಟವರಿಗೆ ತಿಳಿಸಬೇಕು. ಗಾಳಿ ಸೋಸುವ ಫಿಲ್ಟರನ್ನು ಬೆಳಕಿಗೆ ಹಿಡಿದರು; ಬೆಳಕು ಹಾಯದಷ್ಟು ಧೂಳು ತುಂಬಿದ್ದುದರಿಂದ ಹೊಸದನ್ನು ಹಾಕಿದರು. ವಿಷವಾಯುವನ್ನು ಕಂಡೊಡನೆ ಕೂಗುವ ಪೆಟ್ಟಿಗೆಯ ಗುಂಡಿಯನ್ನು ಒತ್ತಿ, ಅದು ಕೂಗಿದ ಮೇಲೆಯೇ ಫರ್ನೆಸನ್ನು ನಡೆಯಿಸಿದರು. ಸಣ್ಣ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ. ಜ್ವಾಲೆ ನೀಲಿಯಾಗಿ, ಅಲುಗದೆ ನಿಂತಿತ್ತು. ಹಳದಿಯಾಗಿ ಓಲಾಡುವ ಜ್ವಾಲೆ ಒಳ್ಳೆಯ ಲಕ್ಷಣವಲ್ಲ; ಅದನ್ನು ಕಂಡರೆ ಯಂತ್ರವನ್ನು ಆರಿಸಿ, ಬಲ್ಲವರನ್ನು ಕರೆಯಿಸಬೇಕು.

ಇದರಿಂದ ನಮಗೇನೆಂದು ವಾಚಕರು ಕೇಳಬಹುದು. ಬೆಂಗಳೂರು ಮೈಸೂರುಗಳ ಎಷ್ಟೋ ಬಚ್ಚಲುಮನೆಗಳಲ್ಲಿ ಹಂಡೆಯ ಒಲೆಯ ಜಾಗಕ್ಕೆ ಗ್ಯಾಸ್ ಗೀಸರು ಬಂದಿದೆ. ಹಂಡೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು, ಇದು ಎಚ್ಚರಿಸುವುದಿಲ್ಲ. ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿಕೊಂಡು ಸ್ನಾನಕ್ಕೆ ನಿಂತವರು ಹೊರಗೆ ಬಾರದೆಹೋದ ವರ್ತಮಾನಗಳನ್ನು ನಾವು ಓದಿಲ್ಲವೇ? ಬಾಣಂತಿಯ ಕೋಣೆಯನ್ನು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡವಿಡುವ ಪದ್ಧತಿಯಲ್ಲಿಯೂ ಇದೇ ಅಪಾಯವುಂಟು. ಆದುದರಿಂದ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಯಲ್ಲಿ ಹಾಕಿಸಿರಿ. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿರಿ. ಮನೆಯೊಳಗೆ ಬೆಂಕಿಯಿಡುವವರು ಅದರ ಉಸಿರಿಗೂ ಹೊರದಾರಿಯನ್ನು ಬಿಡಬೇಕು.