ಉಂಡೂ ಹೆಸರು ಹೇಳದ ಅತಿಥಿ

ತೀರಿಹೋದ ಅವ್ವನ ದನಿ ಹಳೆಯ ಮೊಬೈಲಿನಲ್ಲಿ ಉಳಿದಿತ್ತು. ಅದನ್ನು ಇಳಿಸಿಕೊಳ್ಳಲೆಂದು ಸಿಂಧನೂರಿನ ಮನೆಯಲ್ಲಿ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದೆ. ಮೊಬೈಲು ಕರೆಂಟನ್ನೇನೋ ಹೊಟ್ಟೆತುಂಬ ಉಂಡಿತು; ‘ಎಲ್‌ಎಸ್‌ಯುಎಸ್‌ಬಿ’ ಎಂದು ಬರೆದು ಪಟ್ಟಿ ತರಿಸಿದರೆ ಅತಿಥಿಯ ಹೆಸರೇ ಇಲ್ಲ! ಲಿನಕ್ಸನ್ನೇ ಶಪಿಸಿದೆ.

ಲಿಂಗಸುಗೂರಿನಿಂದ ಅಕ್ಕನ ಮಗ ಫೋನಿನಲ್ಲಿ ನಕ್ಕ: “ಮಾವಾ, ತಪ್ಪು ಕೇಬಲ್ಲಿಂದು. ಅದರಾಗ ಕರೆಂಟಿನ ಎಳಿ ಅಷ್ಟ ಅದಾವ, ಮಾಹಿತಿ ಎಳಿ ಇಲ್ಲ. ಬರ್ರಿ, ಬ್ಯಾರೆ ಕೊಡ್ತೀನಿ.”

ಹೊರಟ ಬಸ್ಸು ದಾರಿಯಲ್ಲಿ ಮಸ್ಕಿಗೆ ನಿಂತಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಖಚಿತವಾದದ್ದು 1915ರಲ್ಲಿ, ಇಲ್ಲಿಯ ಬಂಡೆಯ ಶಾಸನ ದೊರೆತಾಗ. ಅಲ್ಲಿಯವರೆಗೆ ಅರಸನೇನು ಇಲ್ಲದಿದ್ದನೆ? ಹೆಸರು ಮುಟ್ಟಿಸುವ ಎಳೆ ಸಿಕ್ಕಿರಲಿಲ್ಲ, ಅಷ್ಟೆ.

ಮರಳಿ ಬಂದು ಹೊಸ ಕೇಬಲ್ಲು ಚುಚ್ಚಿದೆ. ಪಟ್ಟಿಯಲ್ಲಿ ಹೆಸರು ಮೂಡಿತು. ಆಮೇಲೆ ಅವ್ವ ಕೇಳಿದಳು: “ಉಂಡೀಯೇನಪಾ?”